ಅಜ್ಜನ ಟ್ರಂಕಿನ ಮಿಲಿಟರಿ ಪಿಸ್ತೂಲು: ಕಾಗದ ಎಲ್ಲಿದೆ?

ಖಂಡೇನವಮಿ ದಿನ ನಮ್ಮ ಕಡೆ ಕುಡಗೋಲು, ಕೊಡಲಿ, ಮಗ್ಗದ ಸಾಮಾನು ಎಲ್ಲಕ್ಕೂ ಪೂಜೆ ನಡೆಯುತ್ತದೆ. ಕೆಲವು ಮನೆಗಳಲ್ಲಿ ಅವುಗಳ ಪಕ್ಕದಲ್ಲಿ ಅಜ್ಜ ಫೌಜಿನಿಂದ ಬರುವಾಗ ತಂದ ರಿವಾಲ್ವರ್ ಕೂಡ ಇರುತ್ತದೆ. ಅದಕ್ಕೂ ಕುಂಕುಮ ಹಚ್ಚುತ್ತಾರೆ, ಮೊಮ್ಮಗ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುತ್ತಾನೆ. ಅದರ ಲೈಸೆನ್ಸ್ ಎಲ್ಲಿದೆ ಎಂದು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈ ಮಾತು ಈಗ ಎತ್ತಲು ಕಾರಣವಿದೆ. 2024ರ ಆಗಸ್ಟ್ 1ರಂದು ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅದಕ್ಕೂ ಮೊದಲೇ ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು, ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದಿದ್ದರು. ಮಕ್ಕಳಿಗೆ ಶೂಟಿಂಗ್ ಹುಚ್ಚು ಹಿಡಿದದ್ದು ಸಹಜ, ಒಳ್ಳೆಯದೂ ಹೌದು. ಆದರೆ ಹುಡುಗರು ಮೊಬೈಲಿನಲ್ಲಿ ನೋಡುವುದು ಬೇರೆಯದೇ ಶೂಟಿಂಗ್. ಅಮೆರಿಕದಲ್ಲಿ ಸೇನೆ ಬಿಟ್ಟ ಹಳೇ ಪಿಸ್ತೂಲುಗಳನ್ನು ಜನ ಕೊಂಡು, ಮನೆಯ ಹಿತ್ತಲಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡಿಕೊಂಡು ಹೊಡೆಯುತ್ತಾರೆ. ಅಲ್ಲಿ 2018ರಿಂದ ಸೇನೆಯ .45 ಬೋರಿನ 1911 ಪಿಸ್ತೂಲುಗಳನ್ನು ಕಾಯ್ದೆಬದ್ಧವಾಗಿಯೇ ನಾಗರಿಕರಿಗೆ ಮಾರಲಾಗುತ್ತಿದೆ. ಎರಕದ ಗುಂಡು ಅಗ್ಗ. ತಾಮ್ರದ ಕವಚದ ಗುಂಡಿಗಿಂತ ಮೆತ್ತಗಿರುವುದರಿಂದ ಸವೆದ ನಳಿಕೆಗೂ ಒಳ್ಳೆಯದು, ನಳಿಕೆಯ ಅಳತೆಗೆ ತಕ್ಕಂತೆ ತುಸು ದಪ್ಪಗೂ ಮಾಡಿಕೊಳ್ಳಬಹುದು. ಅವರ ದೇಶದಲ್ಲಿ ಅದು ಹವ್ಯಾಸ.

ನಮ್ಮಲ್ಲಿ ಹಾಗಲ್ಲ. ಭಾರತದ ಆಯುಧ ನಿಯಮಗಳ ಪಟ್ಟಿಯಲ್ಲಿ .380 ಮತ್ತು .455 ಕಾಡತೂಸು ಹಾಗೂ ಸೇನೆಯ 9 ಎಂಎಂ ಕಾಡತೂಸು ಹಾಕಬಹುದಾದ ಪಿಸ್ತೂಲು, ರಿವಾಲ್ವರ್‌ಗಳು ಸಾಮಾನ್ಯರಿಗೆ ಸಿಗದ ನಿಷಿದ್ಧ ಬೋರಿನವು. ಈಗ ಟ್ರಂಕಿನಲ್ಲಿ ಏನಿದೆ ಎಂದು ನೆನಪಿಸಿಕೊಳ್ಳಿ. ಮೊದಲ ಮಹಾಯುದ್ಧದ ಕಾಲದ ವೆಬ್ಲಿ ರಿವಾಲ್ವರ್ .455. ಎರಡನೆಯದರಲ್ಲಿ ಬ್ರಿಟಿಷ್ ಭಾರತೀಯ ಸೇನೆ ಬಳಸಿದ ಎನ್‌ಫೀಲ್ಡ್ .380. ಇಶಾಪುರದಲ್ಲಿ ತಯಾರಾಗಿ ನಮ್ಮ ಸೇನೆಗೆ ಬಂದ ಪಿಸ್ತೂಲು 9 ಎಂಎಂ. ಅಂದರೆ ಫೌಜಿನ ಪಿಸ್ತೂಲು ಎಂದರೆ ಬಹುಪಾಲು ನಿಷಿದ್ಧ ಬೋರ್ ಎಂದೇ ಲೆಕ್ಕ. ನಾಗರಿಕರಿಗೆ ಸಿಗುವುದು .32 ಮತ್ತು .22. ಸೇನೆಯ ಕಾಡತೂಸು ನಾಗರಿಕರ ಬಂದೂಕಿನಲ್ಲಿ ಹೋಗಬಾರದು ಎಂಬುದು ಬ್ರಿಟಿಷರ ಕಾಲದ ಭಯ. ಸ್ವಾತಂತ್ರ್ಯದ ನಂತರವೂ ನಾವು ಅದನ್ನು ಹಾಗೇ ಉಳಿಸಿಕೊಂಡೆವು. ಸರಿಯೋ ತಪ್ಪೋ, ಇಂದಿನ ಕಾನೂನು ಅದು.

ಗುಂಡಿನ ಎರಕದ ಮಾತು ಇನ್ನೂ ಸೂಕ್ಷ್ಮ. ಎರಕ ನಮಗೆ ಹೊಸದಲ್ಲ, ಶಿರೋಲಿ ಮತ್ತು ಗೋಕುಲ ಶಿರಗಾವಿನ ಫೌಂಡ್ರಿಗಳಲ್ಲಿ ದುಡಿದವರು ನಮ್ಮ ಸದಸ್ಯರಲ್ಲೇ ಇದ್ದಾರೆ. 327 ಡಿಗ್ರಿಗೆ ಕರಗುವ ಸೀಸ ಅವರಿಗೆ ಆಟದ ಸಾಮಾನು. ಆದರೆ 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ಬರೀ ತುಂಬಿದ ಕಾಡತೂಸಲ್ಲ. ಅದರ ಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಆ ವ್ಯಾಖ್ಯೆಯೊಳಗೇ ಬರುತ್ತವೆ. ಪರವಾನಗಿ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಅಡುಗೆಮನೆಯ ಒಲೆ, ಒಂದು ಹಳೇ ಅಚ್ಚು, ಒಂದಿಷ್ಟು ಸೀಸ, ಪಕ್ಕದಲ್ಲಿ ರಿವಾಲ್ವರ್ ಸಿಕ್ಕರೆ ಅದು ಹವ್ಯಾಸ ಎಂದು ನ್ಯಾಯಾಧೀಶರಿಗೆ ತಿಳಿಸಿ ಹೇಳುವುದು ಕಷ್ಟ. (ಸೀಸದ ಪುಡಿ ಮಕ್ಕಳ ಮಿದುಳಿಗೆ ವಿಷ. ಕಾನೂನು ಇರದಿದ್ದರೂ ಆ ಒಲೆ ಮನೆಯೊಳಗೆ ಬೇಡ.) ಫೌಜಿನ ನೆನಪಿಗೆಂದು ಒಂದು ಖಾಲಿ ತೋಟಾ ಇಟ್ಟುಕೊಂಡವರು ಗಾಬರಿಯಾಗಬೇಕಿಲ್ಲ. ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ ಅದೇ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಡುತ್ತದೆ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ, ನಮಗ್ಯಾಕೆ?" ಎಂದು ಕೇಳುವವರಿದ್ದಾರೆ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿಶೇಷ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕನ್ನಡ ಮಾತಾಡುತ್ತೇವೆ ಎಂಬ ಮಾತ್ರಕ್ಕೆ ಅದು ಗಡಹಿಂಗ್ಲಜಕ್ಕೆ ಬರುವುದಿಲ್ಲ.

ಇನ್ನು ನಮ್ಮ ಗಡಿಯ ತೊಡಕು. ಬೆಳಗಾವಿಯ ಮರಾಠಾ ರೆಜಿಮೆಂಟ್‌ಗೆ ಭರ್ತಿಯಾದ ಮನೆತನಗಳು ಗಡಿಯ ಎರಡೂ ಕಡೆ ಇವೆ. ಶಿರೋಳ ತಾಲೂಕಿನ ಸೈನಿಕ ಟಾಕಳಿಗಂತೂ ಹೆಸರೇ ಸೈನಿಕರದು. 1949ರವರೆಗೆ ಕೊಲ್ಹಾಪುರ ಸಂಸ್ಥಾನ. ಚಂದಗಡ 1956ರವರೆಗೆ ಬೆಳಗಾವಿ ಜಿಲ್ಲೆ. ಹಾಗಾಗಿ ಅಜ್ಜನಿಗೆ ಲೈಸೆನ್ಸ್ ನಿಜವಾಗಿಯೂ ಇದ್ದಿದ್ದರೆ ಅದರ ದಫ್ತರ ಬೆಳಗಾವಿಯಲ್ಲಿದೆಯೋ ಕೊಲ್ಹಾಪುರದಲ್ಲಿದೆಯೋ ಹುಡುಕಬೇಕು. ಈಗಿನ ಲೈಸೆನ್ಸ್‌ದಾರರಿಗೂ ಒಂದು ಮಾತು: ಪುಸ್ತಕದಲ್ಲಿ ಬರೆದ ಪ್ರದೇಶದಾಚೆ ಆಯುಧ ಒಯ್ಯುವಂತಿಲ್ಲ. ಹೊಲ ನಿಪ್ಪಾಣಿ ಕಡೆ, ಮನೆ ಕಾಗಲ್ ಕಡೆ ಇದ್ದರೂ ಕೊಗನೊಳ್ಳಿ ನಾಕಾದಲ್ಲಿ ಪೊಲೀಸರು ನೋಡುವುದು ಪುಸ್ತಕವನ್ನೇ. 2024ರ ಮೇ 7ರಂದು ಕೊಲ್ಹಾಪುರ, ಹಾತಕಣಂಗಲೆ, ಬೆಳಗಾವಿ, ಚಿಕ್ಕೋಡಿ ನಾಲ್ಕೂ ಕ್ಷೇತ್ರಗಳಿಗೆ ಒಂದೇ ದಿನ ಮತದಾನವಿತ್ತು. ಅಂಥ ಸಮಯದಲ್ಲಿ ತಪಾಸಣೆ ಇನ್ನೂ ಬಿಗಿಯಾಗಿರುತ್ತದೆ.

ಟ್ರಂಕಿನದಕ್ಕೆ ಏನು ಮಾಡಬೇಕು? ಲೈಸೆನ್ಸ್ ಇದ್ದು ಅವಧಿ ಮುಗಿದಿದ್ದರೆ, ಅಥವಾ ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ ದಾರಿ ಸ್ಪಷ್ಟವಾಗಿದೆ. ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಬಳಿ ಜಮೆ ಮಾಡಿ ರಸೀದಿ ತೆಗೆದುಕೊಳ್ಳಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ವಾರಸಾದರೂ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಆಯುಧ ಇರುವಂತಿಲ್ಲ. ನಿಷಿದ್ಧ ಬೋರಿನದಾದರೆ ನಿರ್ಧಾರ ದೆಹಲಿಯ ಗೃಹ ಸಚಿವಾಲಯದ ಕೈಯಲ್ಲಿ. "ತುಕ್ಕು ಹಿಡಿದು ಹೋಗಿದೆ, ಅದಕ್ಯಾಕೆ ಲೈಸೆನ್ಸ್" ಎನ್ನುವ ವಾದ ನಿಲ್ಲುವುದಿಲ್ಲ. ದುರಸ್ತಿ ಮಾಡಿದರೂ ಗುಂಡು ಹೊಡೆಯಲಾಗದಷ್ಟು ಹಾಳಾಗಿದ್ದರೆ ಮಾತ್ರ ಕಾಯ್ದೆ ಬಿಡುತ್ತದೆ.

ಎಂದೂ ಲೈಸೆನ್ಸ್ ಇಲ್ಲದ್ದಾದರೆ? ನನಗೆ ಸರ್ಕಾರದ ಮೇಲೆ ಬೇಸರವಿರುವುದು ಇಲ್ಲೇ. 2019ರಲ್ಲಿ ಶಿಕ್ಷೆ ಹೆಚ್ಚಿಸಿದರು. ಲೈಸೆನ್ಸ್ ಇಲ್ಲದ ಸಾಮಾನ್ಯ ಬಂದೂಕಿಗೆ 2ರಿಂದ 5 ವರ್ಷ, ನಿಷಿದ್ಧ ಆಯುಧಕ್ಕೆ 7ರಿಂದ 14 ವರ್ಷ. ಮೂರನೇ ಆಯುಧ ಇದ್ದ ಲೈಸೆನ್ಸ್‌ದಾರರಿಗೆ ಅದನ್ನು ಒಪ್ಪಿಸಲು ಒಂದು ವರ್ಷ ಸಮಯವನ್ನೂ ಕೊಟ್ಟರು. ಆದರೆ ಅಜ್ಜನ ಟ್ರಂಕು ತೆರೆದು ಹೆದರಿದ ಸೊಸೆಗೆ, ಮೊಮ್ಮಗನಿಗೆ ಯಾವ ಅಭಯವನ್ನೂ ಕೊಡಲಿಲ್ಲ. ಪರಿಣಾಮ ಏನಾಗುತ್ತದೆ ಎಂದು ಊಹಿಸಲು ಪಂಡಿತರು ಬೇಕಿಲ್ಲ. ಕೆಲವರು ಬಾವಿಗೆ ಎಸೆಯುತ್ತಾರೆ, ಕೆಲವರು ಹೊಲದಲ್ಲಿ ಹೂಳುತ್ತಾರೆ, ಕೆಲವರು ಗುಟ್ಟಾಗಿ ಮಾರುತ್ತಾರೆ. ಮಾರಿದ್ದು ಯಾರ ಕೈ ಸೇರುತ್ತದೋ ದೇವರಿಗೇ ಗೊತ್ತು.

ಆದರೂ ಒಂದು ಬಾಗಿಲಿದೆ. ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಂಡ ಪ್ರಕರಣವನ್ನು ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಕೋರ್ಟಿಗೆ ಒಯ್ಯುವಂತಿಲ್ಲ ಎಂದು ಕಾಯ್ದೆಯ 39ನೇ ಕಲಮು ಹೇಳುತ್ತದೆ. ಅಂದರೆ ತಾನಾಗಿ ಬಂದು ಒಪ್ಪಿಸಿದವರ ಮೇಲೆ ಅನುಮತಿ ಕೊಡದಿರುವ ವಿವೇಚನೆ ಜಿಲ್ಲಾಧಿಕಾರಿಗಿದೆ. ಕೊಲ್ಹಾಪುರ ಮತ್ತು ಬೆಳಗಾವಿಯ ಜಿಲ್ಲಾಧಿಕಾರಿಗಳು ಕೂಡಿ ಒಂದು ಗಡುವು ಹಾಕಿ, ತಾಲೂಕಿಗೊಂದು ದಿನ ಗೊತ್ತುಮಾಡಿ, "ತಂದು ಒಪ್ಪಿಸಿ, ಹಳೇದನ್ನು ಕೆದಕುವುದಿಲ್ಲ" ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಸಾರಿದರೆ ಎಷ್ಟೋ ಟ್ರಂಕುಗಳು ಖಾಲಿಯಾಗುತ್ತವೆ. ಸಂಘದಿಂದ ಈ ಮನವಿ ಎರಡೂ ಕಚೇರಿಗಳಿಗೆ ಹೋಗಲಿ ಎಂಬುದು ನನ್ನ ಸೂಚನೆ.

ಅಲ್ಲಿಯವರೆಗೆ, ಅಂಥದ್ದು ಮನೆಯಲ್ಲಿರುವವರು ಮೊದಲು ವಕೀಲರನ್ನು ಕಾಣಿ. ಬಸ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಠಾಣೆಗೆ ಹೊರಡಬೇಡಿ. ವಕೀಲರ ಮೂಲಕ ಬರೆದು ತಿಳಿಸಿ, ಪೊಲೀಸರೇ ಮನೆಗೆ ಬಂದು ಪಂಚನಾಮೆ ಮಾಡಿ ಒಯ್ಯಲಿ. ಶೂಟಿಂಗ್ ಕಲಿಯುವ ಆಸೆಯ ಮಕ್ಕಳನ್ನು 10 ಮೀಟರ್ ಏರ್ ಪಿಸ್ತೂಲಿನ ರೇಂಜಿಗೆ ಕಳಿಸಿ. 4.5 ಎಂಎಂ ಗುಳಿಗೆಯ, 20 ಜೂಲ್‌ಗಿಂತ ಕಡಿಮೆ ಬಲದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಈ ಸಲದ ಖಂಡೇನವಮಿಗೆ ಅಜ್ಜನ ಮೆಡಲು, ಡಿಸ್ಚಾರ್ಜ್ ಪುಸ್ತಕ ಇಟ್ಟು ಪೂಜೆ ಮಾಡಿ. ಅವುಗಳ ಫೋಟೊ ಬೇಕಾದಷ್ಟು ಹಾಕಿ.