ಕಾಗೆ ಎಣಿಸುವುದೂ ಒಂದು ಕೆಲಸವೇ?

ಊರಿನಲ್ಲಿ ಕಾಗೆ ಎಷ್ಟಿವೆ ಎಂದು ಅಕ್ಬರ್ ಬಾದಶಹ ಕೇಳಿದನಂತೆ. ಬೀರಬಲ್ಲ ಬಾಯಿಗೆ ಬಂದ ಸಂಖ್ಯೆ ಹೇಳಿದ. ಹೆಚ್ಚು ಕಂಡರೆ ನೆಂಟರು ಬಂದಿವೆ, ಕಡಿಮೆ ಕಂಡರೆ ನಮ್ಮವು ನೆಂಟರ ಮನೆಗೆ ಹೋಗಿವೆ ಎಂದು ಸಮಜಾಯಿಷಿಯನ್ನೂ ಕೊಟ್ಟ. ಕತೆ ಕೇಳಿ ನಕ್ಕವರು ನಾವೆಲ್ಲ. ಆದರೆ ಸ್ವಾಮಿ, ಅದೇ ಪ್ರಶ್ನೆಯನ್ನು ನಮ್ಮ ಮೈಸೂರಿನ ಬಗ್ಗೆ ಕೇಳಿದರೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮಲ್ಲಿ ಎಷ್ಟು ಜನರ ಬಳಿ ಇದೆ?

ಪ್ರತಿ ವರ್ಷ ಫೆಬ್ರವರಿ ನಡುವಿನಲ್ಲಿ ನಾಲ್ಕು ದಿನ ಹಕ್ಕಿ ಎಣಿಕೆ ನಡೆಯುತ್ತದೆ. ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂದು ಅದರ ದೊಡ್ಡ ಹೆಸರು. ನಮ್ಮ ಮಾತಿನಲ್ಲಿ ಹಿತ್ತಲ ಹಕ್ಕಿ ಎಣಿಕೆ. 1998ರಲ್ಲಿ ಅಮೆರಿಕದಲ್ಲಿ ಆರಂಭವಾಗಿ, 2013ರಿಂದ ನಮ್ಮ ದೇಶದಲ್ಲೂ ನಡೆಯುತ್ತಿದೆ. ನಿಯಮ ಸರಳ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಅಥವಾ ನಡೆದು, ಗುರುತಿಸಿದ ಹಕ್ಕಿಗಳನ್ನೆಲ್ಲ ಎಣಿಸಿ, ‘ಇ-ಬರ್ಡ್’ ಎಂಬ ಆ್ಯಪ್‌ನಲ್ಲಿ ಪಟ್ಟಿ ಹಾಕುವುದು. ಫೀಸಿಲ್ಲ, ದುರ್ಬೀನು ಕಡ್ಡಾಯವಲ್ಲ.

ಕಳೆದ ಸಲ ನಾನೂ ಹೋಗಿದ್ದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ ನೋಡುವವರಿಗೆ ಬರವಿರಲಿಲ್ಲ. ಮರುದಿನ ಮಾರ್ಕೆಟ್ ಬದಿಯಲ್ಲಿ ನಿಂತೆ. ಅಲ್ಲಿ ನಾನೊಬ್ಬನೇ! ದಿನಸಿ ಅಂಗಡಿಯವರೊಬ್ಬರು ಕೇಳಿಯೇ ಬಿಟ್ಟರು: “ಏನ್ ಸಾರ್, ಮೇಲೇ ನೋಡ್ತಾ ನಿಂತಿದ್ದೀರಿ, ವೈರ್ ಕಿತ್ತೋಗಿದ್ಯಾ?” ವಿಷಯ ಹೇಳಿದೆ. ಅವರು ನಗಲಿಲ್ಲ. “ನಮ್ಮಪ್ಪನ ಕಾಲದಲ್ಲಿ ಅಕ್ಕಿ ಮೂಟೆ ಮೇಲೇ ಗುಬ್ಬಚ್ಚಿ ಕೂರೋವು ಸಾರ್. ಈಗ ಎಲ್ಲಾ ಪ್ಯಾಕೆಟ್ಟು. ಬರೀ ಪಾರಿವಾಳ” ಎಂದರು. ನಲವತ್ತು ವರ್ಷ ಒಂದೇ ಗಲ್ಲಾದ ಮುಂದೆ ಕುಳಿತವರ ಕಣ್ಣು ಅದು. ಆದರೆ ಆ ಕಣ್ಣು ಕಂಡದ್ದು ಯಾವ ಪುಸ್ತಕದಲ್ಲೂ ಏರಿಲ್ಲ.

ಗುಬ್ಬಚ್ಚಿ ಕಾಣೆಯಾಗಲು ಮೊಬೈಲ್ ಟವರೇ ಕಾರಣ ಎಂದು ಅರಳಿಕಟ್ಟೆಯ ಮೇಲೆ ತೀರ್ಪು ಕೊಡುವವರು ನಾವು. 2020ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿ ವರದಿ ಬೇರೆ ಮಾತು ಹೇಳಿತು. ಒಟ್ಟಾರೆ ದೇಶದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಇದ್ದಷ್ಟೇ ಇದೆ. ಕುಗ್ಗಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. 2023ರ ವರದಿಯಂತೆ ನವಿಲು, ಕೋಗಿಲೆ ಹೆಚ್ಚಿವೆ. ಇದನ್ನೆಲ್ಲ ಹೇಳಲು ಸಾಧ್ಯವಾದದ್ದು ಹೇಗೆ? ನಮ್ಮ ನಿಮ್ಮಂಥ ಸುಮಾರು 30,000 ಹವ್ಯಾಸಿಗಳು ಹಾಕಿದ ಪಟ್ಟಿಗಳಿಂದ.

ಇನ್ನೊಂದು ಮಾತು. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲಿಸಲೆಂದು ಹೈದರಾಲಿ ರಸ್ತೆಯಲ್ಲಿ 40 ಮರಗಳನ್ನು ಉರುಳಿಸಿದ್ದು ಊರಿಗೆಲ್ಲ ಗೊತ್ತು. ಕೂಗಾಡಿದೆವು, ಸರಿ. ಆ ಮರಗಳಲ್ಲಿ ಯಾವ ಹಕ್ಕಿಯ ಗೂಡು ಎಷ್ಟಿದ್ದವು ಎಂದು ಕೇಳಿದ್ದರೆ? ದಿನಾ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ ನನಗಂತೂ ಉತ್ತರ ಗೊತ್ತಿರಲಿಲ್ಲ. ಲೆಕ್ಕವಿಲ್ಲದವನಿಗೆ ನಷ್ಟದ ಮಾತಾಡುವ ಹಕ್ಕು ಎಲ್ಲಿದೆ? “ಹಕ್ಕಿಗಳು ಬೇರೆ ಮರಕ್ಕೆ ಹೋಗಿರುತ್ತವೆ ಬಿಡಿ” ಎಂದು ಯಾರಾದರೂ ಬೀರಬಲ್ಲನ ಉತ್ತರ ಕೊಟ್ಟರೆ ಬಾಯಿ ಮುಚ್ಚಿಕೊಂಡು ಕೇಳಬೇಕಾಗುತ್ತದೆ.

ಪಟ್ಟಿ ತೋರಿಸಿದ ಮಾತ್ರಕ್ಕೆ ಕೊಡಲಿ ನಿಲ್ಲುತ್ತದೆಯೇ? ನಿಲ್ಲದೇ ಇರಬಹುದು. ಆದರೆ ಅರ್ಜಿ ಬರೆಯುವಾಗ “ಬಹಳ ಹಕ್ಕಿಗಳಿದ್ದವು” ಎನ್ನುವುದಕ್ಕೂ, ಇಂಥ ದಿನ, ಇಂಥ ಮರದಲ್ಲಿ, ಇಷ್ಟು ಹಕ್ಕಿ ಎನ್ನುವುದಕ್ಕೂ ವ್ಯತ್ಯಾಸವಿದೆ. ಬಾಯಿಲೆಕ್ಕಕ್ಕೂ ಖಾತೆ ಪುಸ್ತಕಕ್ಕೂ ಇರುವ ವ್ಯತ್ಯಾಸವನ್ನು ವ್ಯಾಪಾರಿಗಳಿಗೆ ನಾನು ಹೇಳಿಕೊಡಬೇಕೆ?

ಆದ್ದರಿಂದ ಬರುವ ಫೆಬ್ರವರಿಯಲ್ಲಿ ಎಲ್ಲರೂ ಕೆರೆಗೇ ನುಗ್ಗುವುದು ಬೇಡ. ಅಂಗಡಿ ಬಾಗಿಲು ತೆಗೆಯುವ ಮುಂಚೆ ಕಾಲು ಗಂಟೆ, ಬಸ್ಸು ಕಾಯುವಾಗ ಕಾಲು ಗಂಟೆ ಸಾಕು. ಬಸ್ಸು ಹೇಗೂ ತಡವಾಗಿಯೇ ಬರುತ್ತದೆ! ಕಾಗೆ, ಹದ್ದು, ಗೊರವಂಕ, ಪಾರಿವಾಳ ಮಾತ್ರ ಕಂಡರೂ ನಾಚಿಕೆಪಡಬೇಡಿ. ಗುರುತಿಸಿದ್ದನ್ನೆಲ್ಲ ಬರೆದ ಪಟ್ಟಿಯಲ್ಲಿ ಗುಬ್ಬಚ್ಚಿ ಇಲ್ಲ ಎಂಬುದೂ ಒಂದು ಲೆಕ್ಕವೇ. ಮೊಬೈಲ್ ಬಾರದ ಹಿರಿಯರ ಲೆಕ್ಕವನ್ನು ಮನೆಯ ಹುಡುಗರು ಹಾಕಿಕೊಡಲಿ.

ಆ ದಿನಸಿ ಅಂಗಡಿಯವರು ಒಪ್ಪಿದ್ದಾರೆ. ತಾವು?