ಡಿಶ್ ಎಂಟಡಿ, ಚಿತ್ರ ಸೊನ್ನೆ

"ಬಂತೇನೋ?"

"ಇಲ್ಲಪ್ಪಾ! ಸ್ಟ್ರೆಂತ್ ಎಂಬತ್ತು, ಕ್ವಾಲಿಟಿ ಸೊನ್ನೆ!"

ಕಳೆದ ಬೇಸಿಗೆಯ ಕೊನೆಯಲ್ಲಿ ತೀರ್ಥಹಳ್ಳಿ ಸಮೀಪದ ಅಕ್ಕನ ಮನೆಗೆ ಹೋದಾಗ ನನ್ನನ್ನು ಎದುರುಗೊಂಡ ಮಾತುಗಳಿವು. ಅಂಗಳದಲ್ಲಿ ಭಾವ ಎಂಟಡಿ ಅಗಲದ ಜಾಲರಿ ಡಿಶ್ಶನ್ನು ತಬ್ಬಿಕೊಂಡು ನಿಂತಿದ್ದರು. ಒಳಗೆ ಟೀವಿಯ ಮುಂದೆ ಹತ್ತನೆಯ ತರಗತಿಗೆ ಕಾಲಿಡಲಿದ್ದ ಅವರ ಮಗ. ಗುಡ್ಡ ಹತ್ತಿದರೆ ಮಾತ್ರ ಮೊಬೈಲ್ ಸಿಗ್ನಲ್ ಸಿಗುವ ಊರು ಅದು. ಹುಡುಗನಿಗೆ ಪಾಠದ ಚಾನೆಲ್‌ಗಳು ಸಿಗಲಿ, ತಿಂಗಳ ಬಾಡಿಗೆಯೂ ಬೇಡ ಎಂದು ದೂರದರ್ಶನದ ಫ್ರೀ ಡಿಶ್‌ಗೆ ಸಾಮಾನು ಹೊಂದಿಸಿದ್ದರು.

"ಬಾಕ್ಸ್ ಹೊಸದು, ಎಲ್‌ಎನ್‌ಬಿ ಹೊಸದು, ವಯರೂ ಹೊಸದು. ಡಿಶ್ ಮಾತ್ರ ಹಳೇದು. ಆದ್ರೆ ನಮ್ಮ ಮಳೆಗೆ ದೊಡ್ಡದೇ ಬೇಕಲ್ಲ ಮಾರಾಯ?" ಎಂದರು ಭಾವ.

ಅವರ ತರ್ಕ ಅರ್ಧ ಸರಿ. ಉಳಿದರ್ಧದಲ್ಲಿ ಒಂದು ವಾರ ಕಳೆದುಹೋಗಿತ್ತು.

ಮೊದಲು ಆ 'ಸ್ಟ್ರೆಂತ್' ಪಟ್ಟಿಯ ವಿಚಾರ. ಅದಕ್ಕೆ ಮರುಳಾಗಬೇಡಿ. ಎಲ್‌ಎನ್‌ಬಿಗೆ ಕರೆಂಟ್ ತಲುಪಿದೆ, ಅದು ಏನನ್ನೋ, ಬರೀ ಗದ್ದಲವನ್ನಾದರೂ, ವಯರಿನಲ್ಲಿ ಕಳಿಸುತ್ತಿದೆ ಎಂದಷ್ಟೇ ಅದರ ಅರ್ಥ. ಡಿಶ್ಶನ್ನು ದನದ ಕೊಟ್ಟಿಗೆಯ ಕಡೆ ತಿರುಗಿಸಿದರೂ ಎಂಬತ್ತು ತೋರಿಸೀತು. ನಂಬಬೇಕಾದ್ದು 'ಕ್ವಾಲಿಟಿ'ಯನ್ನು.

ಭಾವ ತಂದಿದ್ದ ಡಿಶ್ 1990ರ ದಶಕದಲ್ಲಿ ಪೇಟೆಯ ಕೇಬಲ್‌ನವರ ತಾರಸಿಯ ಮೇಲಿದ್ದದ್ದು. ಆಗಿನ ಚಾನೆಲ್‌ಗಳು ಬರುತ್ತಿದ್ದುದು ಸಿ ಬ್ಯಾಂಡಿನಲ್ಲಿ, ಸುಮಾರು 4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ. ಆ ಅಲೆಯ ಉದ್ದ ಏಳೂವರೆ ಸೆಂಟಿಮೀಟರ್. ಫ್ರೀ ಡಿಶ್ ಬರುವುದು ಕೆಯು ಬ್ಯಾಂಡಿನಲ್ಲಿ, ಸುಮಾರು 11 ಗಿಗಾಹರ್ಟ್ಸ್. ಇಲ್ಲಿ ಅಲೆಯ ಉದ್ದ ಮೂರು ಸೆಂಟಿಮೀಟರ್ ಕೂಡ ಇಲ್ಲ. ಜಾಲರಿಯ ಕಣ್ಣು ಅಲೆಯ ಉದ್ದದ ಹತ್ತನೆಯ ಒಂದು ಪಾಲಿಗಿಂತ ಚಿಕ್ಕದಿದ್ದರೆ ಅಲೆಗೆ ಅದು ಕನ್ನಡಿ, ದೊಡ್ಡದಾದಷ್ಟೂ ಜರಡಿ. ಇಷ್ಟು ಹೇಳುವಷ್ಟರಲ್ಲಿ ಹುಡುಗ ಸ್ಕೇಲ್ ತಂದಿದ್ದ. "ಮಾವ, ನಮ್ದು ಆರು ಮಿಲಿಮೀಟರ್!" ಸಿ ಬ್ಯಾಂಡಿಗೆ ಅದು ಒಳ್ಳೆಯ ಕನ್ನಡಿಯೇ. ಕೆಯು ಬ್ಯಾಂಡಿಗೆ ಸೋರುವ ಬುಟ್ಟಿ.

ಇನ್ನೂ ಹಳೆಯ ಕತೆಯೊಂದಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಪಾಠ ಹೋಯಿತು. 'ಸೈಟ್' ಎಂಬ ಆ ಪ್ರಯೋಗದಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅಲ್ಲಿ ನೆಟ್ಟದ್ದು ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ಹತ್ತಡಿ ಡಿಶ್. ಆವೃತ್ತಿ 860 ಮೆಗಾಹರ್ಟ್ಸ್, ಅಲೆ 35 ಸೆಂಟಿಮೀಟರ್ ಉದ್ದ, ಕೋಳಿಬಲೆಯೇ ಧಾರಾಳವಾಯಿತು.

ಭಾವನ ಡಿಶ್‌ಗೆ ಇನ್ನೊಂದು ತೊಡಕೂ ಇತ್ತು. ಅದರ ಮೂತಿ ನಟ್ಟನಡುವೆ. ಮನೆಗಳ ಚಿಕ್ಕ ಡಿಶ್‌ಗಳಲ್ಲಿ ಎಲ್‌ಎನ್‌ಬಿ ಕೆಳಗಿನ ತೋಳಿನ ತುದಿಯಲ್ಲಿ ಕೂರುತ್ತದೆ. ಅಂಥದ್ದಕ್ಕೆಂದು ಮಾಡಿದ ಎಲ್‌ಎನ್‌ಬಿಯ 'ನೋಟ' ಕಿರಿದು. ಎಂಟಡಿಯ ಆಳವಾದ ಡಿಶ್‌ನ ನಡುಭಾಗವನ್ನಷ್ಟೇ ಅದು ಕಾಣುತ್ತದೆ. ಮಳೆನಾಡಿನಲ್ಲಿ ದೊಡ್ಡದು ಬೇಕೆಂದರೆ 60ರ ಬದಲು 90 ಸೆಂಟಿಮೀಟರಿನ, ತೂತಿಲ್ಲದ ಗಟ್ಟಿ ತಗಡಿನ ಡಿಶ್ ಕೊಳ್ಳಿ. ಅಲೆ ಹಿಡಿಯುವ ಜಾಗ ಎರಡೂಕಾಲು ಪಟ್ಟಾಗುತ್ತದೆ.

ಎಲ್‌ಎನ್‌ಬಿಯ ಕೆಲಸ ಕಳೆಯುವ ಲೆಕ್ಕ. 11,000 ಮೆಗಾಹರ್ಟ್ಸ್‌ನ ಅಲೆ ವಯರಿನಲ್ಲಿ ಇಳಿದು ಬರುವಷ್ಟರಲ್ಲಿ ಸತ್ತೇ ಹೋಗುತ್ತದೆ. ಆದ್ದರಿಂದ ಅದರಿಂದ 9,750 ಕಳೆದು, ಉಳಿದ 1,250ನ್ನು ಕೆಳಗೆ ಕಳಿಸುತ್ತದೆ. ಬಾಕ್ಸ್ ಕೇಳಿಸಿಕೊಳ್ಳುವುದು 950ರಿಂದ 2,150ರವರೆಗೆ. ಕಳೆಯುವ ಸಂಖ್ಯೆ ಎಲ್‌ಎನ್‌ಬಿಯ ಮೈಮೇಲೆ ಅಚ್ಚಾಗಿರುತ್ತದೆ. ಅದೇ ಸಂಖ್ಯೆ ಬಾಕ್ಸ್‌ನ ಮೆನುವಿನಲ್ಲೂ ಇರಬೇಕು. ಅಲ್ಲಿ 5,150 ಇದ್ದರೆ ಅದು ಸಿ ಬ್ಯಾಂಡಿನ ಲೆಕ್ಕ. ಬಾಕ್ಸ್ ಇಲ್ಲದ ಕಡೆ ಹುಡುಕುತ್ತಾ ಕೂರುತ್ತದೆ. ಎಷ್ಟೋ ಮನೆಗಳಲ್ಲಿ ಡಿಶ್ ತಿರುಗಿಸಿ ತಿರುಗಿಸಿ ಸೋಲುವುದು ಈ ಒಂದು ಅಂಕಿಯಿಂದ.

ಬಾಕ್ಸ್ ಕೊಳ್ಳುವಾಗ 'ಎಂಪೆಗ್-4' ಎಂದು ಬರೆದಿದೆಯೇ ನೋಡಿ. ಫ್ರೀ ಡಿಶ್‌ನಲ್ಲಿ ಎಂಪೆಗ್-2 ಚಾನೆಲ್‌ಗಳೂ ಇವೆ, ಎಂಪೆಗ್-4 ಚಾನೆಲ್‌ಗಳೂ ಇವೆ. ಹೊಸ ಬಾಕ್ಸ್ ಎರಡನ್ನೂ ಓದುತ್ತದೆ, ಹಳೆಯದು ಮೊದಲನೆಯದನ್ನು ಮಾತ್ರ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯದನ್ನು ತಂದರೆ ಅರ್ಧ ಚಾನೆಲ್‌ಗಳು ಪಟ್ಟಿಗೇ ಬರುವುದಿಲ್ಲ. ವಯರು 75 ಓಮ್‌ನ ಆರ್‌ಜಿ-6 ಇರಲಿ, ಮಾಡಿನ ಮೇಲಿದ್ದ ಹಳೇ ಆಂಟೆನಾದ್ದು ಬೇಡ. ಎಲ್‌ಎನ್‌ಬಿಯ ಬಾಯಿಗೆ ನೀರಿಳಿಯದಂತೆ ರಬ್ಬರ್ ಟೊಪ್ಪಿ ಹಾಕಿ.

ಅಕ್ಕನ ಪ್ರಶ್ನೆ ಬೇರೆ. "ಒಂದೇ ವಯರಿಗೆ ಕವಲು ಹಾಕಿ ಅತ್ತೆಯ ಕೋಣೆಗೂ ಕೊಡಬಹುದೇನೋ?" ಕೊಡಬಹುದು, ಆದರೆ ಜಗಳ ತಪ್ಪದು. ಬಾಕ್ಸ್ 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ಲಂಬ ಅಲೆಗಳನ್ನು ಹಿಡಿಯುತ್ತದೆ, 18 ಕೊಟ್ಟರೆ ಅಡ್ಡ ಅಲೆಗಳನ್ನು. ಎರಡು ಬಾಕ್ಸ್‌ಗಳು ಎರಡು ಬಗೆ ಕೇಳಿದರೆ ಒಂದೇ ಎಲ್‌ಎನ್‌ಬಿ ಯಾರ ಮಾತು ಕೇಳೀತು? ಎರಡು ಬಾಯಿಯ ಎಲ್‌ಎನ್‌ಬಿ, ಎರಡು ವಯರು ಬೇಕು.

ಮರುದಿನ 90 ಸೆಂಟಿಮೀಟರಿನ ಡಿಶ್ ಬಂತು. ಫ್ರೀ ಡಿಶ್ ಹೊತ್ತ ಜಿಸ್ಯಾಟ್-15 ಇರುವುದು ಪೂರ್ವ ರೇಖಾಂಶ 93.5ರ ಮೇಲೆ, ಸಮಭಾಜಕ ವೃತ್ತದ ನೆತ್ತಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ನಮಗೆ ಅದು ಆಗ್ನೇಯ ದಿಕ್ಕಿಗೆ. ಬೆಂಗಳೂರಿನಿಂದ ನೋಡಿದರೆ ದಿಗಂತದಿಂದ ಸುಮಾರು 66 ಡಿಗ್ರಿ ಮೇಲೆ. ಮೂತಿ ಕೆಳಗಿರುವ ಡಿಶ್ ಮಾತ್ರ ಅಷ್ಟೊಂದು ಮೇಲೆ ನೋಡುತ್ತಿರುವಂತೆ ಕಾಣದು, ಗಾಬರಿ ಬೇಡ. ಭಾವ ಅಡಿಕೆ ಮರಗಳ ನೆರಳು ತಪ್ಪಿಸಿ ನಿಲ್ಲಿಸಿದರು. ಕೂದಲೆಳೆಯಷ್ಟು ತಿರುಗಿಸಿ, ಎರಡು ಸೆಕೆಂಡ್ ನಿಂತು, ಮತ್ತೆ ತಿರುಗಿಸಿ. ಒಳಗಿನಿಂದ ಕೂಗು ಬಂತು: "ಅಪ್ಪಾ, ಬಿಡ್ಬೇಡ! ಅರವತ್ತು!"

ಜುಲೈನಲ್ಲಿ ಫೋನು ಮಾಡಿದ ಹುಡುಗ, ಜೋರು ಮಳೆ ಹೊಯ್ದಾಗ ಹತ್ತು ನಿಮಿಷ ಚಿತ್ರ ಹೋಗುತ್ತದೆ, ಅಪ್ಪ ಮಾಡು ಹತ್ತಲು ಹೊರಡುತ್ತಾರೆ ಎಂದ. ಹತ್ತಲು ಬಿಡಬೇಡ ಎಂದೆ. ಕೆಯು ಬ್ಯಾಂಡಿನ ಅಲೆಯನ್ನು ಮಳೆಹನಿ ನುಂಗುತ್ತದೆ; ಮಳೆ ತೆಳುವಾದರೆ ಚಿತ್ರ ತಾನೇ ಮರಳುತ್ತದೆ. 2017ರಲ್ಲಿ ಶುರುವಾದ 'ಸ್ವಯಂ ಪ್ರಭಾ' ಪಾಠದ ಚಾನೆಲ್‌ಗಳನ್ನು ರೂಪಿಸಿದ್ದೇ ಹೊಸ ಪಾಠ ಅದೇ ದಿನ ಮತ್ತೆ ಮತ್ತೆ ಬರುವ ಹಾಗೆ. ತಪ್ಪಿದ ಲೆಕ್ಕವನ್ನು ರಾತ್ರಿ ಊಟದ ನಂತರ ನೋಡಿಕೊಂಡನಂತೆ.