ಸಾಲ ಮಾಡದವನ ಹೊಣೆ ಹೊಣೆಯಲ್ಲವೆ?

ಹೊಣೆ ನಿಲ್ಲುವುದು ನಮ್ಮ ಜನಕ್ಕೆ ಹೊಸತಲ್ಲ. ಮಗಳ ಮದುವೆಗೆಂದು ಸೊಸೈಟಿಯಲ್ಲಿ ಸಾಲ ತೆಗೆಯುವವನಿಗೆ ಜೊತೆಯ ಕಾರ್ಮಿಕ ಜಾಮೀನು ಹಾಕುತ್ತಾನೆ. ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದ ಅಕ್ಕನ ಮಗನಿಗೆ ಕೋಣೆ ಬೇಕಾದಾಗ, "ಹುಡುಗ ನಮ್ಮವನು, ಬಾಡಿಗೆ ತಪ್ಪಿದರೆ ನನ್ನನ್ನು ಕೇಳಿ" ಎಂದು ಸೋದರಮಾವ ಮುಂದೆ ಬರುತ್ತಾನೆ. ಮಂಡಿಪೇಟೆಯಲ್ಲಿ ಹೊಸದಾಗಿ ಅಂಗಡಿ ಇಡುವವನಿಗೆ ಹಳೆಯ ಅಂಗಡಿಯವನ ಒಂದು ಮಾತೇ ಬಂಡವಾಳ. ಈ ಮಾತಿನ ಮೇಲೆ ನಮ್ಮ ಊರುಗಳ ಅರ್ಧ ವ್ಯವಹಾರ ನಡೆದುಬಂದಿದೆ. ಈಗ ಈ ಮಾತನ್ನು ತೂಗಲು ಹೊಸ ತಕ್ಕಡಿಯೊಂದು ಬಂದಿದೆ. ಜನ ಅದನ್ನು 'ಸಿಬಿಲ್' ಎನ್ನುತ್ತಾರೆ.

ಈ ವರ್ಷ ನಮ್ಮ ಪಕ್ಷದ ಕಚೇರಿಗೆ ಬಂದ ಒಂದು ಪ್ರಕರಣವನ್ನು ಓದುಗರ ಮುಂದಿಡುತ್ತೇವೆ. ಅಕ್ಕಿ ಗಿರಣಿಯಲ್ಲಿ 22 ವರ್ಷ ದುಡಿದ ಕಾರ್ಮಿಕರೊಬ್ಬರು ತಮ್ಮ ಅಳಿಯನ ಸಣ್ಣ ಮಳಿಗೆಗೆ ಹೊಣೆ ನಿಲ್ಲಲು ಹೋದರು. ಅವರಿಗೆ ಕೈಸಾಲವಿಲ್ಲ, ಬ್ಯಾಂಕಿನ ಸಾಲವೂ ಇಲ್ಲ. ಒಂದೇ ಬಾಡಿಗೆ ಮನೆಯಲ್ಲಿ 14 ವರ್ಷ ಇದ್ದಾರೆ. ಒಂದು ತಿಂಗಳ ಬಾಕಿಯೂ ಇಲ್ಲ. ಮಳಿಗೆಯ ವ್ಯವಹಾರ ನೋಡಿಕೊಳ್ಳುವ ದಲ್ಲಾಳಿ ಅವರ ಫೋನಿನಲ್ಲಿಯೇ ಅಂಕ ತೆಗೆಸಿ ನೋಡಿದ. ಅಂಕವೇ ಇರಲಿಲ್ಲ. "ಯಜಮಾನರೇ, ನಿಮ್ಮದು ಹಿಸ್ಟರಿ ಇಲ್ಲ, ನಿಮ್ಮ ಹೊಣೆ ನಡೆಯುವುದಿಲ್ಲ. ಇನ್ನೂ ನಾಲ್ಕು ತಿಂಗಳ ಅಡ್ವಾನ್ಸ್ ಕೊಡಿಸಿ, ನೋಡೋಣ" ಎಂದ. ಯಾರಿಗೂ ಒಂದು ಕಾಸು ಬಾಕಿ ಇಡದ ಮನುಷ್ಯ ಬಾಕಿದಾರನಂತೆ ತಲೆ ತಗ್ಗಿಸಿ ಬರಬೇಕಾಯಿತು.

ಈ ಅಂಕ ಎಂದರೇನು? 2000ದಲ್ಲಿ ಸಿಬಿಲ್ ಎಂಬ ಕಂಪನಿ ಹುಟ್ಟಿತು. 2005ರಲ್ಲಿ ಇಂಥ ಕಂಪನಿಗಳಿಗೆಂದು ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಸಿಬಿಲ್ ಅಲ್ಲದೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಎಂಬ ಕಂಪನಿಗಳೂ ಇದೇ ಕೆಲಸದಲ್ಲಿವೆ. ಯಾರು ಎಷ್ಟು ಸಾಲ ಪಡೆದರು, ಕಂತು ಸಮಯಕ್ಕೆ ಕಟ್ಟಿದರೇ, ಕ್ರೆಡಿಟ್ ಕಾರ್ಡನ್ನು ಎಷ್ಟು ಬಳಸಿದರು, ಹೊಸ ಸಾಲಕ್ಕೆ ಎಷ್ಟು ಸಲ ಅರ್ಜಿ ಹಾಕಿದರು ಎಂಬುದನ್ನು ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಇವುಗಳಿಗೆ ಕಳುಹಿಸುತ್ತವೆ. ಅದರಿಂದ 300 ಮತ್ತು 900ರ ನಡುವೆ ಒಂದು ಅಂಕ ಹುಟ್ಟುತ್ತದೆ. ಇದು ಸಾಲದ ಲೆಕ್ಕ. ಸಾಲ ಕೊಡುವವರ ಉಪಯೋಗಕ್ಕಾಗಿ ಮಾಡಿದ ಲೆಕ್ಕ.

ಇದರಲ್ಲಿ ಏನೇನು ಇಲ್ಲ ಎಂಬುದನ್ನೂ ನೋಡಬೇಕು. ಮನೆಯ ಮಾಲೀಕನ ಕೈಗೆ ನಗದಾಗಿ ಎಣಿಸಿಕೊಟ್ಟ ಬಾಡಿಗೆ ಇದರಲ್ಲಿ ಇಲ್ಲ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ಬಟವಾಡೆಯ ದಿನ ಚುಕ್ತಾ ಮಾಡಿದ ಬಾಕಿ ಇಲ್ಲ. ಮಂಡಕ್ಕಿ ಭಟ್ಟಿಯವರು ತಮ್ಮತಮ್ಮಲ್ಲೇ ನಡೆಸುವ ಚೀಟಿಗೆ ತಪ್ಪದೆ ಕಟ್ಟಿದ ಹಣ ಇಲ್ಲ. ಶ್ರಮಜೀವಿಯ ಪ್ರಾಮಾಣಿಕತೆ ಪ್ರಕಟವಾಗುವ ಜಾಗಗಳೆಲ್ಲ ಈ ಪುಸ್ತಕದ ಹೊರಗೆ ಉಳಿದಿವೆ. ಮನೆಯ ಹೆಂಗಸರು ಮೈಕ್ರೋ ಫೈನಾನ್ಸಿನಿಂದ ಪಡೆದ ಸಾಲ ಮಾತ್ರ ಒಳಗೆ ಬರುತ್ತದೆ. ಹೀಗಾಗಿ ಒಂದೇ ಮನೆಯಲ್ಲಿ ಹೆಂಡತಿಗೆ ದಾಖಲೆ ಇದೆ, ಗಂಡನಿಗೆ ಇಲ್ಲ. ಆಕೆ ಒಂದೆರಡು ಕಂತು ತಪ್ಪಿದ್ದರೆ ಅದೂ ಅಲ್ಲಿ ಕೂತಿರುತ್ತದೆ. ಗಂಡನ ಹೊಣೆ 'ದಾಖಲೆ ಇಲ್ಲ' ಎಂದೂ ಹೆಂಡತಿಯ ಹೊಣೆ 'ದಾಖಲೆ ಸರಿಯಿಲ್ಲ' ಎಂದೂ ತಳ್ಳಿಹೋಗುತ್ತದೆ.

ಶಾಲೆಯಲ್ಲಿ ಪಾಠ ಹೇಳಿದವರಿಗೆಲ್ಲ ಒಂದು ಸಂಗತಿ ಗೊತ್ತು. ಪರೀಕ್ಷೆಗೆ ಕೂತು ಸೊನ್ನೆ ಪಡೆದವನು ಬೇರೆ, ಪರೀಕ್ಷೆಗೇ ಕೂರದವನು ಬೇರೆ. ಮೊದಲನೆಯವನ ಹೆಸರಿನ ಮುಂದೆ ನಪಾಸು ಎಂದು ಬರೆಯುತ್ತಾರೆ, ಎರಡನೆಯವನ ಮುಂದೆ ಗೈರುಹಾಜರು ಎಂದು ಬರೆಯುತ್ತಾರೆ. ಗೈರುಹಾಜರಾದವನನ್ನು ದಡ್ಡ ಎಂದು ಯಾವ ಮೇಷ್ಟ್ರೂ ತೀರ್ಮಾನಿಸುವುದಿಲ್ಲ. ಸಾಲದ ದಾಖಲೆ ಇಲ್ಲದವನೂ ಇಂಥ ಗೈರುಹಾಜರಿಯವನೇ. ಅವನು ನಂಬಲರ್ಹನಲ್ಲ ಎಂದು ಆ ಕಾಗದ ಹೇಳುವುದಿಲ್ಲ. ಅವನ ವಿಷಯ ತನಗೆ ತಿಳಿಯದು ಎಂದಷ್ಟೇ ಹೇಳುತ್ತದೆ. ಕಾಗದಕ್ಕೆ ತಿಳಿಯದೆ ಇರುವುದು ಮನುಷ್ಯನ ಅಪರಾಧವೆ?

ರಿಸರ್ವ್ ಬ್ಯಾಂಕಿಗೂ ಈ ವ್ಯತ್ಯಾಸ ಗೊತ್ತಿದೆ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಸಾಲದ ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು ಅದು ಸಾಲ ನೀಡುವ ಸಂಸ್ಥೆಗಳಿಗೆ ಹೇಳಿದೆ. 2025ರ ಆಗಸ್ಟ್ ತಿಂಗಳಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರು ಲೋಕಸಭೆಯಲ್ಲಿ ಇದನ್ನೇ ತಿಳಿಸಿದರು. ತನ್ನ ಕೈಯಿಂದ ಲಕ್ಷಗಟ್ಟಲೆ ಹಣ ಕೊಡುವ ಬ್ಯಾಂಕಿಗೇ ಈ ಮಾತು ಅನ್ವಯಿಸುವಾಗ, ಹತ್ತಡಿ ಅಗಲದ ಮಳಿಗೆಯ ದಲ್ಲಾಳಿಗೆ ಯಾವ ವಿಶೇಷ ಅಧಿಕಾರವಿದೆ?

1951ರ ಕಾಗೋಡು ಸತ್ಯಾಗ್ರಹವನ್ನು ನಮ್ಮ ಓದುಗರು ಮರೆತಿರಲಾರರು. ಸಾಗರ ತಾಲ್ಲೂಕಿನ ಗೇಣಿದಾರರ ಆ ಹೋರಾಟದ ಮೂಲದಲ್ಲಿ ಇದ್ದದ್ದು ಗೇಣಿ ಅಳೆಯುವ ಕೊಳಗದ ಅಳತೆ. ಬತ್ತ ಬೆಳೆದವನು ರೈತ. ಕೊಳಗ ಹಿಡಿದವನು ಭೂಮಾಲೀಕ. ಆ ಹೋರಾಟದಲ್ಲಿ ಡಾ. ಲೋಹಿಯಾ ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರಂಥ ನಾಯಕರನ್ನು ಅದು ನಾಡಿಗೆ ಕೊಟ್ಟಿತು. ಅಳತೆಯ ಪಾತ್ರೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅಂದಿಗೇ ಮುಗಿಯಲಿಲ್ಲ. ಇಂದು ಅದು ಮರದ ಕೊಳಗವಲ್ಲ, ಫೋನಿನ ಪರದೆಯ ಮೇಲಿನ ಮೂರಂಕಿ, ಅಷ್ಟೇ ವ್ಯತ್ಯಾಸ.

ಮಾಲೀಕರ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಮನೆ ಬಾಡಿಗೆಗೆ ಕೊಡುವವರೆಲ್ಲ ಬಂಡವಾಳಶಾಹಿಗಳಲ್ಲ. ಎರಡು ಕೋಣೆಯ ಬಾಡಿಗೆಯಲ್ಲಿ ದಿನ ದೂಡುವ ವಿಧವೆಯರಿದ್ದಾರೆ, ಪಿಂಚಣಿ ಇಲ್ಲದ ಮುದುಕರಿದ್ದಾರೆ. ಆರು ತಿಂಗಳ ಬಾಡಿಗೆ ಮುಳುಗಿಸಿ ರಾತ್ರೋರಾತ್ರಿ ಖಾಲಿ ಮಾಡಿದವರನ್ನು ನಾವೂ ಕಂಡಿದ್ದೇವೆ. ಅವರಿಗೆ ಭದ್ರತೆ ಬೇಕು, ನಿಜ. ಆದರೆ ಭದ್ರತೆ ಸಿಗುವುದು ಹೊಣೆಗಾರನ ದುಡಿಮೆಯಿಂದ ಮತ್ತು ನಡತೆಯಿಂದ. ಅವನ ಸಂಬಳದ ಚೀಟಿ ನೋಡಿ, ಭವಿಷ್ಯನಿಧಿಯ ಲೆಕ್ಕ ನೋಡಿ, ಅಂಗಡಿಯ ಲೈಸೆನ್ಸ್ ನೋಡಿ, ಹಿಂದಿನ ಮಾಲೀಕನನ್ನು ವಿಚಾರಿಸಿ. ಇವುಗಳನ್ನು ಬಿಟ್ಟು ಸಾಲ ಮಾಡಿದ್ದಾನೆಯೆ ಎಂದು ಮಾತ್ರ ನೋಡುವವನಿಗೆ ಭದ್ರತೆಯೂ ಸಿಗುವುದಿಲ್ಲ. ನಾಲ್ಕು ಕಡೆ ಕಂತು ಕಟ್ಟುತ್ತಿರುವವನ ಅಂಕ ಇಂದು ಚೆನ್ನಾಗಿರಬಹುದು, ನಾಳೆ ಕೆಲಸ ಹೋದರೆ ಅವನ ಹೊಣೆಯಿಂದ ಏನು ವಸೂಲಾದೀತು?

ಇನ್ನು ಹೊಣೆ ನಿಲ್ಲುವ ಬಂಧುಗಳಿಗೆ ಕೆಲವು ಮಾತು. ಅಂಕ ಬೇಕೆಂದು ಅವಮಾನಿತರಾದವರು, ಒಪ್ಪಿಗೆ ಸಿಕ್ಕ ಸಂತೋಷದಲ್ಲಿ ಕಾಗದ ಓದದೆ ಸಹಿ ಮಾಡುತ್ತಾರೆ. 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ, ಬೇರೆ ಷರತ್ತು ಇಲ್ಲದಿದ್ದರೆ, ಹೊಣೆಗಾರನ ಜವಾಬ್ದಾರಿ ಮೂಲ ಬಾಕಿದಾರನ ಜವಾಬ್ದಾರಿಯಷ್ಟೇ ಇರುತ್ತದೆ. ಮೊದಲು ಬಾಕಿದಾರನ ಬೆನ್ನು ಹತ್ತಿ, ಆಮೇಲೆ ನನ್ನ ಬಳಿ ಬನ್ನಿ ಎನ್ನುವಂತಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1968ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಆದುದರಿಂದ ಎಷ್ಟು ಮೊತ್ತದವರೆಗೆ, ಯಾವ ತಾರೀಖಿನವರೆಗೆ ಹೊಣೆ ಎಂಬುದನ್ನು ಕರಾರಿನಲ್ಲಿ ಬರೆಸಿರಿ. ಬಾಡಿಗೆ ಒಂದು ತಿಂಗಳು ತಪ್ಪಿದ ಕೂಡಲೇ ನಿಮಗೆ ತಿಳಿಸಬೇಕೆಂದು ಬರೆಸಿರಿ.

ನಿಮ್ಮ ರಕ್ಷಣೆಗೂ ಅದೇ ಕಾಯಿದೆಯಲ್ಲಿ ಕಲಮುಗಳಿವೆ. ನಿಮ್ಮ ಒಪ್ಪಿಗೆ ಇಲ್ಲದೆ ಮಾಲೀಕನೂ ಬಾಡಿಗೆದಾರನೂ ಕರಾರಿನ ಷರತ್ತು ಬದಲಿಸಿಕೊಂಡರೆ, ಆಮೇಲಿನ ವ್ಯವಹಾರಕ್ಕೆ ನೀವು ಹೊಣೆಯಲ್ಲ ಎನ್ನುತ್ತದೆ 133ನೇ ಕಲಮು. ನೀವು ಕಟ್ಟಿದ ಹಣವನ್ನು ಬಾಡಿಗೆದಾರನಿಂದ ವಸೂಲು ಮಾಡುವ ಹಕ್ಕನ್ನು 145ನೇ ಕಲಮು ಕೊಡುತ್ತದೆ. ಇನ್ನೊಂದು ವ್ಯತ್ಯಾಸ ನೆನಪಿರಲಿ: ಬ್ಯಾಂಕಿನ ಸಾಲಕ್ಕೆ ಹಾಕಿದ ಜಾಮೀನು ನಿಮ್ಮ ಸಾಲದ ದಾಖಲೆಯಲ್ಲಿ ಕಾಣುತ್ತದೆ. ಅವನು ಕಟ್ಟದಿದ್ದರೆ ನಿಮ್ಮ ಹೆಸರೂ ಕೆಡುತ್ತದೆ.

ಅಂಕ ಹುಟ್ಟಿಸಲೆಂದು ಬೇಡದ ಕಾರ್ಡು, ಬೇಡದ ಕಂತಿನ ಸಾಮಾನು ತೆಗೆಯಿರಿ ಎಂದು ಬೋಧಿಸುವವರ ಮಾತಿಗೆ ಮರುಳಾಗಬೇಡಿ. ಬಾಡಿಗೆಯನ್ನು ಬ್ಯಾಂಕಿನ ಮೂಲಕವೋ ಫೋನಿನ ಮೂಲಕವೋ ಕೊಡಿ. ನಗದು ಕೊಟ್ಟರೆ ರಸೀತಿ ಪಡೆಯಿರಿ. ಹತ್ತು ವರ್ಷದ ರಸೀತಿಗಳ ಕಟ್ಟು ಯಾವ ಅಂಕಕ್ಕಿಂತಲೂ ಗಟ್ಟಿ ಸಾಕ್ಷಿ. ನಿಮ್ಮ ಸಾಲದ ದಾಖಲೆಯನ್ನು ವರ್ಷಕ್ಕೊಮ್ಮೆ ಪ್ರತಿ ಕಂಪನಿಯೂ ಪುಕ್ಕಟೆ ಕೊಡಬೇಕು. ಅದಕ್ಕೆ ದಲ್ಲಾಳಿಗೆ ಹಣ ಕೊಡಬೇಡಿ. ತಪ್ಪು ಕಂಡರೆ ದೂರು ಕೊಡಿ; 30 ದಿನಗಳಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಕಟ್ಟಳೆ ಮಾಡಿದೆ.

ಆದರೆ ಒಬ್ಬೊಬ್ಬರೇ ಎಚ್ಚರವಾಗಿರುವುದರಿಂದ ಈ ಸಮಸ್ಯೆ ಮುಗಿಯದು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಆ ಕಾಲದ ಗ್ರಾಮೀಣ ಸಂಘಗಳ ತಳಹದಿ ಏನು? ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಯಾವ ಕಂಪನಿಯ ಅಂಕವೂ ಇರಲಿಲ್ಲ. ನೆರೆಯವನ ಗುಣ ನೆರೆಯವನಿಗೆ ಗೊತ್ತಿತ್ತು, ಅದೇ ದಾಖಲೆ. ಇಂದು ನಮ್ಮ ಗಿರಣಿಯ ಯೂನಿಯನ್ನುಗಳೂ ವರ್ತಕರ ಸಂಘಗಳೂ ಇದನ್ನೇ ಏಕೆ ಮಾಡಬಾರದು? ಸದಸ್ಯರು ತಿಂಗಳಿಗೆ ಸ್ವಲ್ಪ ಹಣ ಹಾಕಿ ಹೊಣೆ ನಿಧಿ ಕಟ್ಟಲಿ. ಸದಸ್ಯನ ಬಾಡಿಗೆಗೆ ಮೂರು ತಿಂಗಳ ಮಟ್ಟಿಗೆ ಸಂಘವೇ ಹೊಣೆ ನಿಲ್ಲಲಿ. ಆಗ ಮಾಲೀಕನಿಗೆ ಭದ್ರತೆ, ಕಾರ್ಮಿಕನಿಗೆ ಮರ್ಯಾದೆ.

ಸರ್ಕಾರದ ಪಾಲಿನ ಕರ್ತವ್ಯವೂ ಇದೆ. ಕೇಂದ್ರ ಮಂತ್ರಿಮಂಡಲ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳ, ಇತರ ಕಟ್ಟಡಗಳಿಗೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ವಿಧಾನಸಭೆ ಕಾನೂನು ಮಾಡಿದಲ್ಲಿ ಮಾತ್ರ ಅದಕ್ಕೆ ಜೀವ. ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರಿನ ರೂಢಿ ಜಿಲ್ಲೆಯ ಊರುಗಳಿಗೆ ಹಬ್ಬುವ ಮುನ್ನ ಶಾಸಕರು ಎಚ್ಚೆತ್ತುಕೊಳ್ಳಬೇಕು. ಠೇವಣಿಗೆ ಮಿತಿ ಬೇಕು, ರಸೀತಿ ಕಡ್ಡಾಯವಾಗಬೇಕು, ಬಾಡಿಗೆಗಾಗಲಿ ಬಾಡಿಗೆಯ ಹೊಣೆಗಾಗಲಿ ಸಾಲದ ಅಂಕ ಕೇಳುವುದನ್ನು ನಿಷೇಧಿಸಬೇಕು. ಈ ಮೂರು ಬೇಡಿಕೆಗಳನ್ನು ನಾವು ನಮ್ಮ ಜಿಲ್ಲೆಯ ಶಾಸಕರ ಮುಂದಿಡುತ್ತೇವೆ.

ಕಾರ್ಮಿಕ ಬಂಧುಗಳೂ ವರ್ತಕ ಮಿತ್ರರೂ ಈ ವಿಷಯವನ್ನು ತಮ್ಮ ಸಂಘಗಳ ಮುಂದಿನ ಸಭೆಯ ಕಾರ್ಯಕ್ರಮ ಪಟ್ಟಿಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ. ಸಾಲವಿಲ್ಲದೆ ಬಾಳಿದವನು ಅದಕ್ಕಾಗಿ ನಾಚಬೇಕಾದ ಕಾರಣವಿಲ್ಲ. ಅವನ ಮಾತಿಗೆ ಬೆಲೆಯಿಲ್ಲವೆನ್ನುವ ತಕ್ಕಡಿಯನ್ನೇ ಪರೀಕ್ಷೆಗೆ ಒಳಪಡಿಸಬೇಕು.